ನನ್ನೊಳಗೆ ರೂಪ ಬದಲಿಸಿದ ಬೂಷ್ಟು

ನಾನು ಕಪ್ಪಗಾಗುತ್ತಿದ್ದೇನೆ ಎಂದು ಮೊದಲು ಹೇಳಿದವಳು ನನ್ನ ನಾದಿನಿ ಸುಜಾತ. ಮಾಲೂರಿಗೆ ಮದುವೆಯಾಗಿ ಹೋದವಳು, ವರಮಹಾಲಕ್ಷ್ಮಿ ಹಬ್ಬ ಮುಗಿಸಿಕೊಂಡು ತನ್ನ ಅಮ್ಮನನ್ನು ನೋಡಲು ನಮ್ಮ ಮನೆಗೆ ಬಂದಿದ್ದಳು. ಕುಂಕುಮ ಕೊಡಲು ಹತ್ತಿರ ಬಂದಾಗ ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಗೆರೆಗೆರೆಯಲ್ಲೂ ಮಸಿ ತುಂಬಿದ ಹಾಗಿತ್ತು.

"ಏನು ವದಿನಾ ಇದು, ತೊಳ್ಕೊಂಡ್ರೂ ಹೋಗಲ್ವಾ?" ಅತ್ತಿಗೆಯನ್ನು ತೆಲುಗಿನಲ್ಲಿ ವದಿನಾ ಎಂದು ಕರೆಯುವ ರೂಢಿ ನಮ್ಮ ಮನೆಯದು.

"ಹಿಪ್ಪುನೇರಳೆ ಸೊಪ್ಪಿನ ಕರೆ ಕಣೇ," ಅಂದೆ.

ನಾನು ಅದನ್ನೇ ನಂಬಿಕೊಂಡಿದ್ದೆ. ಯಲ್ದೂರಿನ ಪಕ್ಕದ ಊರು ನಮ್ಮದು. ಹೊಲದಲ್ಲಿ ರಾಗಿ, ತೋಟದಲ್ಲಿ ಮಾವು, ಹಿಪ್ಪುನೇರಳೆ. ಹೊಲ, ತೋಟ ನನ್ನ ಗಂಡ ವೆಂಕಟೇಶನ ಪಾಲು. ಹುಳುಮನೆ ನನ್ನ ಪಾಲು. ರೇಷ್ಮೆಹುಳು ಸಾಕುವವಳ ಕೈ ಹೂವಿನ ಹಾಗಿರುವುದಿಲ್ಲ, ಬಿಡಿ. ಆದರೆ ಸುಜಾತ ಬಿಡಲಿಲ್ಲ. "ಬಾಯಿ ತೆಗಿ," ಅಂದಳು. ನನ್ನ ಒಸಡು ನೇರಳೆ ಹಣ್ಣು ತಿಂದವರ ಹಾಗಿತ್ತಂತೆ. ಅವಳು ತನ್ನ ಅಮ್ಮನ ಕಡೆ, ಅಂದರೆ ನನ್ನ ಅತ್ತೆ ಮುನಿಯಮ್ಮನ ಕಡೆ ನೋಡಿದಳು. ಅವರಿಗೆ ನನಗಿಂತ ಮೊದಲೇ ಅನುಮಾನವಿತ್ತು ಎಂದು ಆಮೇಲೆ ಗೊತ್ತಾಯಿತು. ಅಡುಗೆಮನೆಯಲ್ಲಿ ನಾನು ಉಪ್ಪಿನ ಡಬ್ಬಿಗೆ ಬೆರಳು ಹಾಕಿ ನೆಕ್ಕುವುದನ್ನು ಅವರು ಎಷ್ಟೋ ಸಲ ನೋಡಿದ್ದರು.

ಉಪ್ಪಿನ ಆಸೆ, ತೂಕ ಇಳಿಯುವುದು, ಕೂತವಳು ಎದ್ದರೆ ಕಣ್ಣು ಕತ್ತಲೆ ಬರುವುದು, ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣು. ಒಂದೊಂದಕ್ಕೂ ನನ್ನ ಹತ್ತಿರ ಒಂದೊಂದು ಕಾರಣವಿತ್ತು. ಬಿಸಿಲು, ಕೆಲಸ, ನಿದ್ದೆಗೇಡು, ಖಾರ. ಶ್ರೀನಿವಾಸಪುರದಲ್ಲಿ ತೋರಿಸಿದರೆ ನಿಶ್ಶಕ್ತಿ ಎಂದು ಹೇಳಿ ಗ್ಲೂಕೋಸ್ ಹಾಕಿದರು. ಬಾಟಲಿ ಏರಿಸಿದ ಮಾರನೇ ದಿನ ಚೆನ್ನಾಗಿರುತ್ತಿದ್ದೆ. ಆಮೇಲೆ ಮತ್ತೆ ಅದೇ ಪಾಡು.

ಕೊನೆಗೆ ಕೋಲಾರದಲ್ಲಿ ಸ್ಕ್ಯಾನ್ ಮಾಡಿದರು. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತದಂತೆ. ನನ್ನವು ಎರಡೂ ಊದಿಕೊಂಡಿದ್ದವು. ನಮ್ಮ ಕಡೆ ಹಾಗಿದ್ದರೆ ಸಾಮಾನ್ಯವಾಗಿ ಟಿ.ಬಿ. ಎಂದು ಹೇಳಿ ಟಿ.ಬಿ. ಮಾತ್ರೆ ಶುರು ಮಾಡಿದರು. ಅವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಮೊದಲು ಅದನ್ನೇ ಯೋಚಿಸುತ್ತಿದ್ದರು.

ಟಿ.ಬಿ. ಎಂದ ಮೇಲೆ ಮನೆಯಲ್ಲಿ ತಟ್ಟೆ ಲೋಟ ಬೇರೆಯಾಗುತ್ತದೆ ಎಂದುಕೊಂಡಿದ್ದೆ. ನಾನೇ ಒಂದು ಸ್ಟೀಲ್ ತಟ್ಟೆ ತೆಗೆದು ಪಕ್ಕಕ್ಕಿಟ್ಟುಕೊಂಡೆ. ಅತ್ತೆ ಅದನ್ನು ನೋಡಿ, ಎತ್ತಿ, ಎಲ್ಲರ ತಟ್ಟೆಗಳ ಜೊತೆ ಸೇರಿಸಿ ತೊಳೆದಿಟ್ಟರು. ಅವರು ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಆಡುವವರು. "ಪರವಾಲೇದು, ತಿನ್ನು. ನಂಗೆ ಇನ್ನೇನಮ್ಮಾ ಬರ್ಬೇಕು ಈ ವಯಸ್ಸಲ್ಲಿ," ಅಂದರು. ಊಟದ ಹೊತ್ತಿಗೆ ನನ್ನ ಪಕ್ಕದಲ್ಲೇ ಕೂತರು.

ಮಾತ್ರೆ ನುಂಗಿದಷ್ಟೂ ನಾನು ಕುಸಿಯುತ್ತಾ ಹೋದೆ. ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಹುಳು ಸೊಪ್ಪು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ರಾಕ್ಷಸ ಹಸಿವು. ಸೊಪ್ಪು ಹಾಕಿದ ಮೇಲೆ ಹುಳುಮನೆಯಲ್ಲಿ ಮಳೆ ಬಂದ ಹಾಗೆ ಸದ್ದು. ಆ ದಿನ ಬೆಳಗ್ಗೆ ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದದ್ದು ನೆನಪಿದೆ. ಆಮೇಲೆ ನೆನಪಿರುವುದು ಕಾರಿನ ಹಿಂದಿನ ಸೀಟು. ವೆಂಕಟೇಶ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಣ್ಣು ಬಿಡು, ಪದ್ಮಾ, ಕೋಲಾರ ಬಂತು, ಕಣ್ಣು ಬಿಡು," ಎನ್ನುತ್ತಿದ್ದ. ಕೋಲಾರ ಬಂದಿರಲಿಲ್ಲ. ಶ್ರೀನಿವಾಸಪುರವನ್ನೂ ದಾಟಿರಲಿಲ್ಲ ಎಂದು ಅವನೇ ಆಮೇಲೆ ಹೇಳಿದ.

ಆಸ್ಪತ್ರೆಯಲ್ಲಿ ಬಿ.ಪಿ. ಪಟ್ಟಿ ಕಟ್ಟಿದ ನರ್ಸ್ ಎರಡು ಸಲ ಕಟ್ಟಿ ನೋಡಿ ಓಡಿಹೋದಳು. ಬಂದವರು ಡಾಕ್ಟರ್ ಶೈಲಜಾ. ನನಗಿಂತ ಚಿಕ್ಕವರು, ಜಡೆಯನ್ನು ಗಂಟು ಹಾಕಿ ಪೆನ್ನು ಸಿಕ್ಕಿಸಿಕೊಂಡಿದ್ದರು. ನನ್ನ ಅಂಗೈ ನೋಡಿದರು, ಒಸಡು ನೋಡಿದರು, ಒಂದು ಇಂಜೆಕ್ಷನ್ ಕೊಡಿಸಿದರು. ಮಧ್ಯಾಹ್ನದ ಹೊತ್ತಿಗೆ ನಾನು ಎದ್ದು ಕೂತು ಮುದ್ದೆ ಕೇಳಿದೆ. ವೆಂಕಟೇಶ ಗೋಡೆಯ ಕಡೆ ತಿರುಗಿ ನಿಂತುಕೊಂಡ. ಅವನ ಭುಜ ಅಲುಗುತ್ತಿತ್ತು.

ಊದಿದ ಗ್ರಂಥಿಗಳು ಕೆಲಸ ನಿಲ್ಲಿಸಿದ್ದವು. ಮೈಗೆ ಬೇಕಾದ ಒಂದು ರಸವನ್ನು ಅವು ಮಾಡುತ್ತಿರಲಿಲ್ಲ. ಅಳಿದುಳಿದದ್ದನ್ನು ಟಿ.ಬಿ. ಮಾತ್ರೆಗಳಲ್ಲೊಂದು ಬೇಗನೆ ಖರ್ಚು ಮಾಡಿಬಿಟ್ಟಿತ್ತು. ಇಂಜೆಕ್ಷನ್‌ನಲ್ಲಿ ಇದ್ದದ್ದು ಆ ರಸವೇ. ಇಷ್ಟನ್ನು ಹೇಳಿ ಡಾಕ್ಟರು ಮತ್ತೆ ಬಾಯಿ ತೆಗೆಸಿ, ಟಾರ್ಚ್ ಬಿಟ್ಟು, ನಾಲಿಗೆಯ ಹುಣ್ಣನ್ನೇ ನೋಡುತ್ತಾ ನಿಂತರು.

"ಇದು ಯಾವಾಗಿನಿಂದ ಇದೆ?"

"ಮಾವಿನ ಕಾಲ ಮುಗಿದಾಗಿನಿಂದ."

"ಇದರಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಟಿ.ಬಿ. ಅಲ್ಲದೆಯೂ ಇರಬಹುದು. ಕ್ಯಾನ್ಸರ್ ಇರಬಹುದು, ಬೇರೆ ಏನಾದ್ರೂ ಇರಬಹುದು. ಗೊತ್ತಾಗೋ ತನಕ ನಾನು ಸುಳ್ಳು ಧೈರ್ಯ ಹೇಳಲ್ಲ."

ಕ್ಯಾನ್ಸರ್ ಎಂಬ ಮಾತು ಕೇಳಿದ ವೆಂಕಟೇಶ ಟೀ ತರುತ್ತೇನೆ ಎಂದು ಹೊರಗೆ ಹೋದವನು ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಟೀ ಇರಲಿಲ್ಲ.

ಕಾಯುವ ಆ ದಿನಗಳು ಕಾಯಿಲೆಗಿಂತ ಕಷ್ಟ. ಲ್ಯಾಬಿನ ಮುಂದೆ ಕಬ್ಬಿಣದ ಕುರ್ಚಿಗಳ ಸಾಲು. ಕಿಟಕಿ ತೆರೆದಾಗಲೆಲ್ಲ ಎಲ್ಲರೂ ಒಟ್ಟಿಗೆ ಏಳುತ್ತಿದ್ದರು, ಒಬ್ಬರ ಹೆಸರು ಕೂಗಿದ ಮೇಲೆ ಉಳಿದವರು ಒಟ್ಟಿಗೆ ಕೂರುತ್ತಿದ್ದರು. ವೆಂಕಟೇಶ ಗೋಡೆಯ ಮೇಲಿನ ಬೋರ್ಡುಗಳನ್ನೆಲ್ಲ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದುತ್ತಿದ್ದ. ಮಾತಾಡಲು ಅವನಿಗೆ ಸಿಕ್ಕಿದ್ದು ಒಂದೇ ವಿಷಯ.

"ಹುಳ ಏನ್ ಮಾಡೋದು?"

ಅತ್ತೆಗೆ ಫೋನ್ ಮಾಡಿದೆ. ಅವರೇ ಮೊದಲು ಮಾತಾಡಿದರು. "ಹಣ್ಣಾಗಿವೆ. ಸುಜಾತ ಬಂದವ್ಳೆ, ಪಕ್ಕದ ಮನೆಯೋರೂ ಬಂದವ್ರೆ. ಚಂದ್ರಿಕೆಗೆ ಬಿಡ್ತಿದೀವಿ. ನೀನು ಅಲ್ಲಿ ತೆಪ್ಪಗೆ ಮಲ್ಕೋ." ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ನಾನಿಲ್ಲದೆ ಆ ಕೆಲಸ ಆಗುತ್ತದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಆಯಿತು. ಅದು ಸಮಾಧಾನವೂ ಆಯಿತು, ಎಲ್ಲೋ ಸ್ವಲ್ಪ ನೋವೂ ಆಯಿತು.

ಫಲಿತಾಂಶ ಬಂದ ದಿನ ಡಾಕ್ಟರ್ ಶೈಲಜಾ ಸ್ಟೂಲ್ ಎಳೆದುಕೊಂಡು ಕೂತರು. ಅವರು ಕೂತದ್ದು ನೋಡಿಯೇ ಕೆಟ್ಟ ಸುದ್ದಿ ಎಂದುಕೊಂಡೆ.

"ಕ್ಯಾನ್ಸರ್ ಅಲ್ಲ. ಟಿ.ಬಿ.ನೂ ಅಲ್ಲ. ಇದು ಒಂಥರಾ ಬೂಷ್ಟು, ಶಿಲೀಂಧ್ರ. ಉಸಿರಿನ ಜೊತೆ ಒಳಗೆ ಹೋಗಿ, ರಕ್ತಕ್ಕೆ ಸೇರಿ, ಗ್ರಂಥಿಯಲ್ಲಿ ಕೂತಿದೆ. ನಾಲಿಗೆಯಲ್ಲೂ ಅದೇ."

ವೆಂಕಟೇಶನ ಮುಖ ಗೆಲುವಾಯಿತು. ಬೂಷ್ಟು ಎಂದರೆ ಅವನಿಗೆ ಹಳೇ ಉಪ್ಪಿನಕಾಯಿಯ ಮೇಲೆ ಬರುವುದು. ನನಗೆ ಹಾಗಲ್ಲ. ಹುಳು ಸಾಕುವವರಿಗೆ ಬೂಷ್ಟು ಎಂದರೆ ಸುಣ್ಣಕಟ್ಟು ರೋಗ. ನೆನ್ನೆ ಮೇಯುತ್ತಿದ್ದ ಹುಳು ಇವತ್ತು ಸತ್ತು ಬಿದ್ದಿರುತ್ತದೆ, ನಾಳೆಗೆ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ, ಗಟ್ಟಿ. ನೆಲಕ್ಕೆ ಹಾಕಿದರೆ ಟಕ್ ಎನ್ನುತ್ತದೆ. ಆ ಹುಳುಗಳನ್ನು ನಾನೇ ಎಷ್ಟೋ ಸಲ ಆರಿಸಿ ಸುಟ್ಟಿದ್ದೇನೆ.

"ನಾನೂ ಹಾಗೆ ಗಟ್ಟಿ ಆಗ್ತೀನಾ, ಡಾಕ್ಟ್ರೇ?"

ಅವರಿಗೆ ಅರ್ಥವಾಗಲಿಲ್ಲ. ಸುಣ್ಣಕಟ್ಟಿನ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ.

"ಅದು ಬೇರೆ ಜಾತಿ, ಇದು ಬೇರೆ. ಇದಕ್ಕೆ ಔಷಧಿ ಇದೆ. ಔಷಧಿ ಒರಟು, ಆದರೆ ಇದೆ."

"ನನ್ನಿಂದ ಮನೆಯವರಿಗೆ, ಹುಳಕ್ಕೆ ಅಂಟುತ್ತಾ?"

"ಇಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಹುಳಕ್ಕೂ ಇಲ್ಲ."

"ಹಾಗಾದ್ರೆ ಇವತ್ತೇ ಶುರು ಮಾಡಿ," ಅಂದೆ.

ಒರಟು ಎಂದದ್ದು ಕಡಿಮೆಯೇ. ಹಳದಿ ಔಷಧಿ, ಬೆಳಕು ಬೀಳದ ಹಾಗೆ ಬಾಟಲಿಗೆ ಕಪ್ಪು ಕವರ್ ಹಾಕಿ ಹನಿಹನಿಯಾಗಿ ಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆನ್ನಿನ ಬುಡದಿಂದ ನಡುಕ ಏಳುತ್ತಿತ್ತು. ಮಂಚ ಕಟಕಟ ಎನ್ನುವ ನಡುಕ. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ನಿಲ್ಲುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಮುಳಬಾಗಿಲು ಕಡೆಯ ದೇವರಾಯಸಮುದ್ರದ ಗೌಸಿಯಾ ಎಂಬ ಹೆಂಗಸು ಇದ್ದಳು, ಉಬ್ಬಸದವಳು. ಎರಡು ಮಾತಿಗೊಮ್ಮೆ ನಿಂತು ಉಸಿರು ತಗೋಬೇಕಿತ್ತು ಅವಳು. ನನಗೆ ನಡುಕ ಶುರುವಾದರೆ ಇಳಿದು ಬಂದು ನನ್ನ ಪಾದಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

"ಹಿಮ್ಮತ್ ಬಿಡ್ಬೇಡಕ್ಕಾ. ಬರುತ್ತೆ, ಹೋಗುತ್ತೆ. ನನ್ನ ಉಬ್ಬಸಾನೂ ಹಂಗೇ."

ಕಾಲು ಹಿಡಿಯಬೇಡ ಎಂದರೆ ಕೇಳುತ್ತಿರಲಿಲ್ಲ. "ತಲೆ ಹಿಡಿಯೋಕೆ ನಿಮ್ಮೆಜಮಾನ್ರು ಅವ್ರೆ. ಕಾಲು ಖಾಲಿ ಇತ್ತು," ಎಂದಳು. ನಡುಗುತ್ತಲೇ ನಗು ಬಂತು ನನಗೆ. ಆ ವಾರ್ಡಿನಲ್ಲಿ ಅದು ನನ್ನ ಮೊದಲ ನಗು. ಮಾರನೇ ದಿನ ಕಪ್ಪು ಕವರಿನ ಬಾಟಲಿ ಬರುವುದು ಕಂಡಾಗ ನಾನೇ ತೋಳು ಚಾಚಿದೆ. ಹೆದರಿಕೆ ಇತ್ತು. ಹೆದರಿಕೊಂಡೇ ಚಾಚಿದೆ.

ಆ ದಿನಗಳಲ್ಲೇ ಲ್ಯಾಬಿನ ಡಾಕ್ಟರ್ ಗೋವಿಂದರಾಜು ನನ್ನನ್ನು ನೋಡಲು ಬಂದರು. ತಲೆ ನರೆತ, ಮೆಲ್ಲಗೆ ಮಾತಾಡುವ ಮನುಷ್ಯ. ಈ ಬೂಷ್ಟು ಬಾವಲಿ ಹಿಕ್ಕೆ ಬಿದ್ದ ಮಣ್ಣಲ್ಲಿ ಬೆಳೆಯುತ್ತದೆ ಎಂದು ಹೇಳಿ, ಬಾವಲಿ ಇರುವ ಜಾಗ ಏನಾದರೂ ಗುಡಿಸಿದ್ದಿರಾ ಎಂದು ಕೇಳಿದರು. ನಾನೂ ವೆಂಕಟೇಶನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾವಿನ ತೋಟದ ಹಿಂದೆ ಮಾವನವರ ಕಾಲದ ಕಲ್ಲಿನ ಕೋಣೆಯೊಂದಿದೆ. ಚಂದ್ರಿಕೆ ಇಡಲು ಜಾಗ ಬೇಕೆಂದು ಬೇಸಿಗೆಗೆ ಮೊದಲು ಅದನ್ನು ತೆರೆದು ಇಬ್ಬರೂ ಗುಡಿಸಿದ್ದೆವು. ಬಾವಲಿ ಹಿಕ್ಕೆ ಪಾದ ಮುಳುಗುವಷ್ಟಿತ್ತು. ಧೂಳಿನಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ನಾನೂ ಗುಡಿಸಿದ್ದೆನಲ್ಲ ಸಾರ್. ನಂಗ್ಯಾಕೆ ಬರ್ಲಿಲ್ಲ?" ಎಂದ ವೆಂಕಟೇಶ. ಆ ಪ್ರಶ್ನೆಯಲ್ಲಿ ತನಗೇ ಬರಬೇಕಿತ್ತು ಎಂಬ ಧ್ವನಿ ಇತ್ತು.

"ಹೆಚ್ಚಿನವರ ಮೈ ಅದನ್ನ ಅಲ್ಲೇ ಅದುಮಿಬಿಡುತ್ತೆ. ಕೆಲವರಲ್ಲಿ ಆಗಲ್ಲ. ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ಆ ಕೋಣೆಯಿಂದಲೇ ಬಂತು ಅಂತಲೂ ನಾನು ಗಟ್ಟಿಯಾಗಿ ಹೇಳಲಾರೆ."

ನಾಲಿಗೆಯಿಂದ ತೆಗೆದ ಚೂರಿನಲ್ಲಿರುವ ಬೂಷ್ಟನ್ನು ಬೆಳೆಯಲು ಇಟ್ಟಿದ್ದೇವೆ, ಬೆಳೆಯಲು ವಾರಗಟ್ಟಲೆ ಬೇಕು ಎಂದರು. "ಬೆಳೆದ ಮೇಲೆ ನಂಗೆ ತೋರಿಸ್ತೀರಾ?" ಎಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಅದನ್ನು ಬೇಗ ಮರೆಯಲು ಬಯಸುವವರೇ ಜಾಸ್ತಿಯಂತೆ. ನನಗೆ ಹಾಗಲ್ಲ. ನನ್ನ ಮೈಯಲ್ಲಿ ಮನೆ ಮಾಡಿಕೊಂಡದ್ದು ಏನು ಎಂದು ನೋಡದೆ ಅದರ ಜೊತೆ ಹೋರಾಡಲು ನನ್ನಿಂದಾಗದು.

ಹನಿ ಔಷಧಿ ಮುಗಿದು, ಕ್ಯಾಪ್ಸೂಲ್ ಶುರುವಾಗಿ, ಮನೆಗೆ ಹೋಗಿ, ಮತ್ತೆ ತೋರಿಸಲು ಬಂದಾಗ ಅವರು ಕರೆದರು. ದಪ್ಪ ಗಾಜಿನ ಪೆಟ್ಟಿಗೆಯ ಒಳಗೆ ಬಿಗಿಯಾಗಿ ಮುಚ್ಚಿದ ಎರಡು ಕೊಳವೆ ಇದ್ದವು. ಒಂದರಲ್ಲಿ ಹಿಂಜಿದ ಹತ್ತಿಯ ಹಾಗೆ ಬೆಳ್ಳನೆಯ ಎಳೆ. ಇನ್ನೊಂದರಲ್ಲಿ ಕೆನೆಯ ಹಾಗೆ ಮೆತ್ತಗೆ, ಮಿರಮಿರ ಹೊಳೆಯುವಂಥದ್ದು.

"ಎರಡೂ ಬೇರೆ ಬೇರೆ ಅಲ್ವಾ?"

"ಎರಡೂ ಒಂದೇ, ನಿಮ್ಮದೇ. ಹೊರಗಿನ ತಂಪಿನಲ್ಲಿ ಇಟ್ಟದ್ದು ನೂಲಾಯ್ತು. ಮನುಷ್ಯರ ಮೈಯಷ್ಟು ಬಿಸಿಯಲ್ಲಿ ಇಟ್ಟದ್ದು ಗುಂಡು ಗುಂಡಾದ ಕಣಗಳಾಯ್ತು. ಮಣ್ಣಲ್ಲಿ ಇದು ನೂಲು. ನಿಮ್ಮೊಳಗೆ ಬಂದ ಮೇಲೆ ರೂಪ ಬದಲಿಸಿತು. ಆ ಗುಂಡು ರೂಪದಲ್ಲೇ ಅದು ನಿಮ್ಮ ಜೀವಕೋಶದ ಒಳಗೇ ಕೂತು ಬದುಕೋಕೆ ಆಗೋದು."

ಬೂಷ್ಟನ್ನು ಕೊಂದು, ಬಣ್ಣ ಹಾಕಿ ಅಂಟಿಸಿದ ಎರಡು ಸ್ಲೈಡ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಒಂದರಲ್ಲಿ ಬೇರಿನ ಹಾಗೆ ಕವಲೊಡೆದ ಎಳೆಗಳು, ನಡುನಡುವೆ ಸುತ್ತ ಮುಳ್ಳಿರುವ ಚೆಂಡುಗಳು. ಇನ್ನೊಂದು ನನ್ನ ನಾಲಿಗೆಯದು. ಒಂದೊಂದು ಜೀವಕೋಶದ ಹೊಟ್ಟೆಯಲ್ಲೂ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಒತ್ತಾಗಿ ತುಂಬಿದ್ದವು. ತುಂಬ ಹೊತ್ತು ನೋಡಿದೆ. ಕೋಪ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಇಷ್ಟು ಚಿಕ್ಕದು ನನ್ನನ್ನು ನೆಲಕ್ಕೆ ಕೆಡವಿತಲ್ಲ ಎಂದು ಒಂಥರಾ ಹಟ ಬಂತು.

"ಹುಳನೂ ಹಂಗೇ ಸಾರ್. ಮೊಟ್ಟೆ, ಹುಳ, ಗೂಡಿನೊಳಗಿನ ಕೋಶ, ಚಿಟ್ಟೆ. ನೋಡಿದ್ರೆ ಬೇರೆ ಬೇರೆ, ಜೀವ ಒಂದೇ."

"ಹೌದು. ಆದರೆ ಹುಳು ವಯಸ್ಸಿಗೆ ಬದಲಾಗುತ್ತೆ, ಹಿಂದಕ್ಕೆ ಹೋಗಲ್ಲ. ಇದು ಬಿಸಿಗೆ ಬದಲಾಗುತ್ತೆ. ತಿರುಗಿ ತಣ್ಣಗಿಟ್ಟರೆ ತಿರುಗಿ ನೂಲಾಗುತ್ತೆ. ಇದರ ಜೀನ್‌ಗಳು ಎರಡೂ ರೂಪದಲ್ಲಿ ಅವೇ. ಬಿಸಿ ತಾಗಿದಾಗ ಅಲ್ಲಿವರೆಗೆ ಸುಮ್ಮನಿದ್ದ ಕೆಲವು ಜೀನ್ ಕೆಲಸಕ್ಕೆ ಏಳ್ತವೆ, ಕೆಲಸ ಮಾಡ್ತಿದ್ದ ಕೆಲವು ಸುಮ್ಮನಾಗ್ತವೆ. ಆ ಏಳೋ ಜೀನ್‌ಗಳಲ್ಲಿ ಮುಖ್ಯವಾದದ್ದನ್ನ ಕೆಡಿಸಿದ್ರೆ, ಬಿಸಿಯಲ್ಲಿಟ್ಟರೂ ಅದು ನೂಲಾಗೇ ಉಳಿಯುತ್ತೆ. ರೋಗ ತರೋ ಶಕ್ತಿ ಇರಲ್ಲ."

"ಹಂಗೆ ಕೆಡಿಸೋ ಮಾತ್ರೆ ಇದೆಯಾ?"

"ಇಲ್ಲ. ಇನ್ನೂ ಹುಡುಕ್ತಾ ಇದಾರೆ."

ಆಮೇಲೆ ಅವರು ಸ್ವಲ್ಪ ಸಂಕೋಚದಿಂದ ಕೇಳಿದರು. ಬೇರೆ ಊರಿನ ದೊಡ್ಡ ಲ್ಯಾಬಿನಲ್ಲಿ ಇಂಥ ಬೂಷ್ಟು ರೂಪ ಬದಲಿಸುವಾಗ ಯಾವ ಜೀನ್ ಯಾವಾಗ ಏಳುತ್ತದೆ ಎಂದು ನೋಡುತ್ತಿದ್ದಾರಂತೆ. ನನ್ನದನ್ನು ಕಳಿಸಲು ಒಪ್ಪಿಗೆ ಇದೆಯೇ, ಹೆಸರು ಹೋಗುವುದಿಲ್ಲ, ಬೇಡವೆಂದರೆ ಚಿಕಿತ್ಸೆಗೇನೂ ತೊಂದರೆ ಇಲ್ಲ. ನಾನು ಕಳಿಸಿ ಅಂದೆ.

ಬಸ್ಸಿನಲ್ಲಿ ವೆಂಕಟೇಶ ಸಿಡುಕಿದ. "ಸುಟ್ಟುಹಾಕ್ರಿ ಅನ್ಬೇಕಿತ್ತು ನೀನು. ಸಾಕೋಕೆ ಕೊಟ್ಟು ಬಂದ್ಯಾ ಅದನ್ನ?"

"ಹೆಂಗೆ ಬದಲಾಗುತ್ತೆ ಅಂತ ಗೊತ್ತಾದ್ರೆ ತಾನೇ ತಡೆಯೋದು. ನಂಗಾಗಿದ್ದು ಆಯ್ತು. ಇನ್ನೊಬ್ಬರಿಗಾದ್ರೂ ಬೇಗ ಮಾತ್ರೆ ಸಿಗ್ಲಿ."

ಶ್ರೀನಿವಾಸಪುರದಲ್ಲಿ ಇಳಿಯುವಾಗ ಅವನು ನನ್ನ ಬ್ಯಾಗ್ ತೆಗೆದುಕೊಂಡು, "ಆಯ್ತು ಬಿಡು, ನಿನ್ನ ಬೂಷ್ಟು, ನಿನ್ನಿಷ್ಟ," ಅಂದ. ಅವನ ಒಪ್ಪಿಗೆ ಹಾಗೇ ಬರುವುದು.

ಮನೆಯಲ್ಲಿ ಮದ್ದಿನ ಕಾಲ ಉದ್ದವಾಯಿತು. ಕ್ಯಾಪ್ಸೂಲನ್ನು ಊಟದ ಜೊತೆ, ಹುಳಿ ಇರುವ ಬಣ್ಣದ ಸೋಡಾ ಕುಡಿದು ನುಂಗಬೇಕಿತ್ತು, ಆಗಲೇ ಅದು ಮೈಗೆ ಹತ್ತುವುದಂತೆ. ಜನ್ಮದಲ್ಲಿ ಅಂಥದ್ದನ್ನು ಮುಟ್ಟದಿದ್ದ ಅತ್ತೆ ಅದನ್ನು ದೇವರ ತೀರ್ಥದ ಹಾಗೆ ಹಿತ್ತಾಳೆ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದರು. ಒಂದು ದಿನ ಮಿಕ್ಕಿದ್ದನ್ನು ತಾವೇ ಕುಡಿದು ಮುಖ ಹಿಂಡಿದರು. "ಇದಕ್ಕಿಂತ ನಿನ್ನ ಕಾಯಿಲೆನೇ ವಾಸಿ," ಅಂದರು.

ಊರಲ್ಲಿ ಬಾವಲಿ ಕೋಣೆಯ ಸುದ್ದಿ ಹಬ್ಬಿತ್ತು. ಅಪಶಕುನ ಎಂದವರುಂಟು. ಬೆಂಕಿ ಹಾಕಿ ಬಾವಲಿಗಳನ್ನೆಲ್ಲ ಕೊಲ್ಲುತ್ತೇನೆಂದು ವೆಂಕಟೇಶ ಹೊರಟ. ನಾನು ತಡೆದೆ. ಡಾಕ್ಟರು ಹೇಳಿದ್ದು ಬಾವಲಿಯ ವಿಷಯ ಅಲ್ಲ, ಒಣಗಿದ ಹಿಕ್ಕೆಯ ಧೂಳಿನ ವಿಷಯ. ಇನ್ನು ಆ ಕೋಣೆಯಲ್ಲಿ ಪೊರಕೆ ಆಡಿಸುವುದೇ ಬೇಡ ಎಂದು ಪಟ್ಟು ಹಿಡಿದೆ. ಮಾಸ್ಕ್ ಹಾಕಿಕೊಂಡು ಹೊರಗಿನಿಂದಲೇ ಬಾಗಿಲಿಗೆ ಕಲ್ಲು ಕಟ್ಟಿದರು. ಬಾವಲಿಗಳು ಹೋಗಿ ಬರುವ ಮೇಲಿನ ಕಿಂಡಿ ಹಾಗೇ ಇದೆ.

ಮತ್ತೆ ಹುಳು ಸಾಕುವ ಮಾತು ತೆಗೆದಾಗ ಮನೆಯಲ್ಲಿ ಎಲ್ಲರೂ ನನ್ನ ಎದುರು ನಿಂತರು. ಸೊಪ್ಪು ಮಾರಿಬಿಡೋಣ ಎಂದ ವೆಂಕಟೇಶ. ಸುಜಾತ ಫೋನಿನಲ್ಲಿ ಅತ್ತಳು. ನಾನು ಡಾಕ್ಟರ್ ಶೈಲಜಾರನ್ನೇ ಕೇಳಿದೆ. ಮಾಸ್ಕ್ ಹಾಕಿ, ದಣಿದಾಗ ಕೂರಿ, ಗ್ರಂಥಿ ಮಾಡದ ರಸದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ, ಜ್ವರ ಬಂದರೆ ಎರಡರಷ್ಟು ತಗೊಳ್ಳಿ, ವಾಂತಿಯಾದರೆ ಓಡಿ ಬನ್ನಿ ಎಂದರು. ಮೊದಲ ಸಲ ಅರ್ಧದಷ್ಟೇ ಮರಿ ಹುಳು ತಂದೆ. ಸೊಪ್ಪಿನ ಹೊರೆ ವೆಂಕಟೇಶ ಹೊತ್ತ, ಹರಡುವುದು ನಾನು. ನಡುವೆ ಒಂದು ಸಲ ಜ್ವರ ಬಂತು. ನಾನು ಎದ್ದು ಹೇಳುವ ಮೊದಲೇ ಅವನು ಮಾತ್ರೆ ಎರಡು ಮಾಡಿ ನೀರಿನ ಜೊತೆ ಹಿಡಿದು ನಿಂತಿದ್ದ.

ವರ್ಷ ದಾಟಿದ ಮೇಲೆ ಕ್ಯಾಪ್ಸೂಲ್ ನಿಲ್ಲಿಸಿದರು. ಬೂಷ್ಟಿನ ಗುರುತು ಎಲ್ಲೂ ಇಲ್ಲ. ಗ್ರಂಥಿಗಳು ಮಾತ್ರ ಮತ್ತೆ ಎದ್ದೇಳಲಿಲ್ಲ, ಇನ್ನು ಏಳುವುದಿಲ್ಲ.

ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರ್ ಶೈಲಜಾ ಹೊರಗಿನ ಬೆಂಚಿನ ಕಡೆ ಕಣ್ಣು ಮಾಡಿದರು. ಮಾಲೂರಿನ ಕಡೆಯ ಒಬ್ಬ ಹೆಂಗಸು, ನನ್ನದೇ ಕಾಯಿಲೆ, ಹಿಂದಿನ ದಿನವಷ್ಟೇ ತಿಳಿದದ್ದು. ಒಬ್ಬಳೇ ಕೂತಿದ್ದಾಳೆ, ನಿಮ್ಮ ವಿಷಯ ಹೇಳಿದೆ, ಮಾತಾಡಲು ಒಪ್ಪಿದ್ದಾಳೆ ಎಂದರು. ಹೋಗಿ ಪಕ್ಕದಲ್ಲಿ ಕೂತೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ನಿಮ್ಗೂ ಇದೇ ಬಂದಿತ್ತಂತೆ, ಅಕ್ಕಾ?"

"ಹೂಂ, ಇದೇ."

"ಪೂರ್ತಿ ವಾಸಿ ಆಯ್ತಾ?"

"ಬೂಷ್ಟು ಹೋಯ್ತು. ಅದು ಕೆಡಿಸಿದ್ದು ವಾಪಸ್ ಬರ್ಲಿಲ್ಲ. ದಿನಾ ಮಾತ್ರೆ ನುಂಗ್ತೀನಿ, ಸಾಯೋವರ್ಗೂ ನುಂಗ್ಬೇಕು. ಹನಿ ಔಷಧಿ ಹಾಕ್ದಾಗ ನಡುಕ ಬರುತ್ತೆ, ಮಂಚ ಅಲ್ಲಾಡುತ್ತೆ. ಹೆದರ್ಕೋಬೇಡ, ನಿಲ್ಲುತ್ತೆ. ನಾಳೆ ನಮ್ಮನೇಲಿ ಗೂಡು ಬಿಡಿಸ್ಬೇಕು, ಸಾಯಂಕಾಲದೊಳಗೆ ಊರು ಸೇರ್ಬೇಕು ನಾನು."

ಅವಳು ನನ್ನ ಮುಖವನ್ನೇ ನೋಡಿದಳು. ಸಮಾಧಾನದ ಮಾತಿಗಿಂತ ಊರು ಸೇರುವ ನನ್ನ ಆತುರವೇ ಅವಳಿಗೆ ನಂಬಿಕೆ ತಂದಿತೋ ಏನೋ, ಸೆರಗು ಬಿಟ್ಟಳು. ಒಳಗಿನಿಂದ ಅವಳ ಹೆಸರು ಕೂಗಿದರು. ಏಳಲು ಹೋದವಳಿಗೆ ಕಣ್ಣು ಕತ್ತಲೆ ಬಂದು ಬೆಂಚು ಹಿಡಿದುಕೊಂಡಳು. ನಾನು ತೋಳು ಕೊಟ್ಟೆ.

"ನಾನೂ ಒಳಗೆ ಬರ್ಲಾ?"

"ನಿಮ್ಗೆ ಬಸ್ಸಿಗೆ ಹೊತ್ತಾಗುತ್ತಲ್ಲ ಅಕ್ಕಾ?"

"ಇನ್ನೊಂದು ಬಸ್ಸಿದೆ, ಬಾ," ಅಂದೆ.